ಸೇದುವವರ ತಟ್ಟೆ: ಮೊದಲು ಹೊತ್ತು ಸರಿಮಾಡಿ, ಆಮೇಲೆ ಹಣ್ಣು ತಿನ್ನಿ, ಆಮೇಲೆ ಸಿಗರೇಟು ಬಿಡಿ

ಬೀಡಿ, ಸಿಗರೇಟು ಸೇದುವವರಿಗೆ ಯಾವ ಆಹಾರ ಒಳ್ಳೆಯದೆಂದು ಗೊತ್ತಿಲ್ಲ ಅಂತೇನಿಲ್ಲ. ಕೇಳಿ ನೋಡಿ, ಸೊಪ್ಪು, ಮೊಳಕೆಕಾಳು, ಹಾಲು, ಮೊಟ್ಟೆ ಎಂದು ಪಟ್ಟಿಯನ್ನೇ ಒಪ್ಪಿಸುತ್ತಾರೆ. ಆದರೆ ಬೆಳಿಗ್ಗೆ ಹತ್ತೂವರೆಯಾದರೂ ಹೊಟ್ಟೆಗೆ ಎರಡು ಟೀ ಬಿಟ್ಟು ಬೇರೇನೂ ಬಿದ್ದಿರುವುದಿಲ್ಲ. ತಿಳಿವಳಿಕೆ ತಲೆಯಲ್ಲಿದೆ, ತಟ್ಟೆಗೆ ಇಳಿದಿಲ್ಲ. ನಡುವೆ ಅಡ್ಡ ನಿಂತಿರುವುದು ಗಡಿಯಾರ.

15 ದೇಶಗಳ 51 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು 1998ರಲ್ಲಿ ಪ್ರಕಟವಾಯಿತು. ಸೇದದವರಿಗೆ ಹೋಲಿಸಿದರೆ ಸೇದುವವರು ಹೆಚ್ಚು ಕ್ಯಾಲೊರಿ, ಹೆಚ್ಚು ಕೊಬ್ಬು, ಅದರಲ್ಲೂ ಸ್ಯಾಚುರೇಟೆಡ್ ಕೊಬ್ಬು, ಹೆಚ್ಚು ಮದ್ಯ ತೆಗೆದುಕೊಳ್ಳುತ್ತಾರೆ. ನಾರು, ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೋಟಿನ್ (ಕ್ಯಾರೆಟ್, ಕುಂಬಳದಂಥವುಗಳಲ್ಲಿರುವ ಬಣ್ಣದ ಅಂಶ, ಮೈ ಅದರಿಂದ ವಿಟಮಿನ್ ಎ ಮಾಡಿಕೊಳ್ಳುತ್ತದೆ) ಕಡಿಮೆ ತಿನ್ನುತ್ತಾರೆ ಎಂದು ಅದು ತೋರಿಸಿತು. ಇದರಲ್ಲಿ ಎಲ್ಲವೂ ಹೊಗೆಯ ತಪ್ಪಲ್ಲ. ಸಂಬಳ, ಓದು, ರಾತ್ರಿ ಪಾಳಿ, ಕುಡಿತ ಎಲ್ಲವೂ ಬೆರೆತಿರುತ್ತವೆ. ನಮ್ಮಲ್ಲಂತೂ ಇದು ಇನ್ನೂ ಸ್ಪಷ್ಟ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.7 ಮಂದಿ ಹೊಗೆ ಸೇದುತ್ತಾರೆ, ಬೀಡಿ ಶೇ. 7.7, ಸಿಗರೇಟು ಶೇ. 4 (ಕೆಲವರು ಎರಡನ್ನೂ). ಅಂದರೆ ನಮ್ಮ ಧೂಮಪಾನಿ ಹೆಚ್ಚಾಗಿ ಬೀಡಿಯವನು. ಅವನಿಗೆ ಒಂದು ದಮ್ಮು ಎಷ್ಟೋ ಸಲ ತಿಂಡಿಯ ಬದಲಿಗೆ ಬಂದು ಕೂತಿರುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಸಂತೆಯಲ್ಲಿ, ಗೂಡಂಗಡಿಯಲ್ಲಿ ಸಿಗುವ ಪದಾರ್ಥಗಳ ಲೆಕ್ಕವೇ. ಬ್ಲೂಬೆರಿ ಬೇಕಿಲ್ಲ.

ಮೊದಲು ಮೂರು ದಿನ ಬರೆಯಿರಿ

ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೇ. ಎರಡು ಕೆಲಸದ ದಿನ, ಒಂದು ಭಾನುವಾರ. ಬಾಯಿಗೆ ಏನು ಹೋದರೂ ಹೊತ್ತು ಹಾಕಿ ಬರೆಯಬೇಕು. ಸಿಗರೇಟಿನದೂ ಅದೇ ಸಾಲಿನಲ್ಲಿ. ಬೇರೆ ಬೇರೆ ಪುಟದಲ್ಲಿ ಬರೆದರೆ ಎರಡರ ನಂಟು ಕಾಣುವುದಿಲ್ಲ. ರಾತ್ರಿ ಕೂತು ನೆನಪಿನಿಂದ ಬರೆದರೆ ಟೀಗಳು ಕಳೆದುಹೋಗುತ್ತವೆ, ಬಜ್ಜಿ ಅಂತೂ ನೆನಪಿಗೇ ಬರುವುದಿಲ್ಲ.

ಒಂದು ಮಾದರಿ ಪುಟ ಹೀಗಿರುತ್ತದೆ:

6.15 ಎದ್ದದ್ದು. 6.25 ಟೀ, ಸಿಗರೇಟು 1. 8.40 ಬಸ್‌ ಸ್ಟಾಪಿನ ಹತ್ತಿರ ಟೀ, 1. 11.00 ಟೀ, ಎರಡು ಬಿಸ್ಕತ್ತು, 1. 1.45 ಅನ್ನ ಸಾರು, ಎರಡನೇ ಸಲವೂ ಅನ್ನ, ಉಪ್ಪಿನಕಾಯಿ, ಹಪ್ಪಳ, ಪಲ್ಯ ಮುಟ್ಟಿಲ್ಲ. 2.10 ಟೀ, 1. 4.30 ಟೀ, ಮೆಣಸಿನಕಾಯಿ ಬಜ್ಜಿ, 2. 7.00 ಟೀ, 1. 10.15 ಚಪಾತಿ, ಆಲೂಗಡ್ಡೆ ಪಲ್ಯ, 1.

ಈ ಪುಟವನ್ನು ಓದುವುದು ಹೇಗೆ? ಮೂರು ಲೆಕ್ಕ ಸಾಕು. ಎದ್ದದ್ದರಿಂದ ಮೊದಲ ತುತ್ತಿನವರೆಗೆ ಎಷ್ಟು ಹೊತ್ತು: ಬಿಸ್ಕತ್ತನ್ನು ತುತ್ತು ಎಂದು ಒಪ್ಪಿಕೊಂಡರೂ ನಾಲ್ಕೂಮುಕ್ಕಾಲು ಗಂಟೆ, ಸರಿಯಾದ ಊಟಕ್ಕೆ ಏಳೂವರೆ ಗಂಟೆ. ಟೀ ಆರು, ಲೋಟಕ್ಕೆ ಎರಡು ಚಮಚದಂತೆ ಹನ್ನೆರಡು ಚಮಚ, ಅಂದರೆ 60 ಗ್ರಾಂ ಸಕ್ಕರೆ, 240 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 50 ಗ್ರಾಂ, ಸಾಧ್ಯವಾದರೆ 25. ಮೂರನೆಯದು ಹಣ್ಣು ಮತ್ತು ತರಕಾರಿ: ಆಲೂಗಡ್ಡೆ, ಬಜ್ಜಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸೊನ್ನೆ. ಎಂಟು ಸಿಗರೇಟಿನಲ್ಲಿ ಏಳು ಟೀಯ ಜೊತೆಗೇ ಹೊರಟಿವೆ ಎಂಬುದನ್ನೂ ಗಮನಿಸಿ. ಇದು ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲ ತುತ್ತು ಮೊದಲ ಸಿಗರೇಟಿಗಿಂತ ಮುಂಚೆ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಇಡುವುದಾದರೆ ಇದನ್ನಿಡಿ. ನಿಕೋಟಿನ್ ಮಿದುಳಿನಲ್ಲಿ ಹಸಿವನ್ನು ತಗ್ಗಿಸುವ ನರಕೋಶಗಳನ್ನೇ ಚುರುಕುಗೊಳಿಸುತ್ತದೆ. ಅದರ ಜೊತೆಗೆ ಅಡ್ರಿನಲಿನ್ ಏರಿಸಿ, ಮೈಯಲ್ಲಿ ಕೂಡಿಟ್ಟ ಸಕ್ಕರೆ, ಕೊಬ್ಬನ್ನು ರಕ್ತಕ್ಕೆ ಬಿಡಿಸುತ್ತದೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಒಂದು ಸೇದಿದರೆ ಹಸಿವು ಅಡಗಿದಂತಾಗುತ್ತದೆ. ಅಡಗಿದ ಹಸಿವು ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ವಾಪಸು ಬರುತ್ತದೆ. ಸಂಜೆ ಬಜ್ಜಿಯ ಬಾಣಲೆ ಮುಂದೆ ನಿಲ್ಲಿಸುತ್ತದೆ.

ಎದ್ದು ಮೂವತ್ತು ನಿಮಿಷದೊಳಗೆ ಏನಾದರೂ ಘನವಾದದ್ದು ತಿನ್ನಿ, ತಿಂದು ಹತ್ತು ನಿಮಿಷ ಕಳೆಯುವ ತನಕ ಸಿಗರೇಟು ಮುಟ್ಟಬೇಡಿ. ಎರಡು ಇಡ್ಲಿ ಸಾಂಬಾರ್, ಒಂದು ಬಾಳೆಹಣ್ಣು ಮತ್ತು ಹಿಡಿ ಹುರಿದ ಶೇಂಗಾ, ಒಂದು ಬೇಯಿಸಿದ ಮೊಟ್ಟೆ ಮತ್ತು ಚಪಾತಿ, ರಾತ್ರಿಯ ರೊಟ್ಟಿಗೆ ಮೊಸರು, ಯಾವುದಾದರೂ ಸರಿ.

ಇಲ್ಲಿ ಎಡವುವುದು ಎಲ್ಲಿ ಅಂದರೆ, ವರ್ಷಗಟ್ಟಲೆ ಬೆಳಿಗ್ಗೆ ತಿನ್ನದವರಿಗೆ ಇಡ್ಲಿ ಕಂಡರೆ ವಾಕರಿಕೆ ಬರುತ್ತದೆ. ಅಂಥವರು ಮೊದಲ ವಾರ ಅರ್ಧ ಬಾಳೆಹಣ್ಣಿನಿಂದ, ಇಲ್ಲವೇ ಒಂದು ಲೋಟ ರಾಗಿ ಅಂಬಲಿಯಿಂದ ಶುರುಮಾಡಬೇಕು. ಎರಡು ಚಮಚ ರಾಗಿಹಿಟ್ಟನ್ನು ಕಾಲು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ಕುದಿಯುವ ನೀರಿಗೆ ಹೊಯ್ದು ಐದಾರು ನಿಮಿಷ ತಿರುವಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ. ಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುವುದು ಖಂಡಿತ. ಅಂಬಲಿಯನ್ನು ರಾತ್ರಿಯೇ ಕಾಯಿಸಿ, ಆರಿದ ಮೇಲೆ ಫ್ಲಾಸ್ಕಿನಲ್ಲೋ ಮಡಕೆಯಲ್ಲೋ ಇಟ್ಟುಕೊಂಡರೆ ಬೆಳಿಗ್ಗೆ ಐದಕ್ಕೆ ಹೊರಡುವ ಆಟೋದವರಿಗೂ ನೆಪ ಉಳಿಯುವುದಿಲ್ಲ.

ಒಂದು ವಾರದಲ್ಲಿ ಹಸಿವಿನ ಹೊತ್ತು ತಾನಾಗಿ ಹಿಂದಕ್ಕೆ ಸರಿಯತೊಡಗುತ್ತದೆ. ಹನ್ನೊಂದಕ್ಕೆ ಹಸಿವಾಯಿತೆಂದರೆ ಗಾಬರಿ ಬೇಡ, ಅದೇ ಬೇಕಾಗಿದ್ದದ್ದು.

ಟೀಯನ್ನೂ ಸಿಗರೇಟನ್ನೂ ಬಿಡಿಸುವುದು

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 209 ಧೂಮಪಾನಿಗಳನ್ನು ಒಂದು ಸರಳ ಪ್ರಶ್ನೆ ಕೇಳಿದ್ದರು: ಏನು ತಿಂದ ಮೇಲೆ, ಕುಡಿದ ಮೇಲೆ ಸಿಗರೇಟು ರುಚಿಸುತ್ತದೆ, ಏನಾದ ಮೇಲೆ ಕೆಡುತ್ತದೆ? ಕಾಫಿಯಂಥ ಪಾನೀಯ, ಮದ್ಯ, ಮಾಂಸ ರುಚಿ ಹೆಚ್ಚಿಸುತ್ತವೆ ಎಂದರು. ಹಣ್ಣು, ತರಕಾರಿ, ಹಾಲು, ನೀರು ಕೆಡಿಸುತ್ತವೆ ಎಂದರು. ಸೇದುವವರ ತಟ್ಟೆಯಿಂದ ತರಕಾರಿ ಮೆಲ್ಲಗೆ ಜಾರಿಹೋಗುವುದಕ್ಕೆ ಇದೂ ಒಂದು ಕಾರಣ ಇರಬಹುದು. ನಾವು ಇದನ್ನೇ ತಿರುಗಿಸಿ ಉಪಯೋಗಿಸಬಹುದು.

ಪುಸ್ತಕದಲ್ಲಿ ಬರೆದ ಟೀಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಬೆಳಗಿನ ಮೊದಲನೆಯದರ ತಂಟೆಗೆ ಈಗ ಹೋಗಬೇಡಿ, ಅದನ್ನು ಬಿಡುವುದು ಕಷ್ಟ. ಮಧ್ಯಾಹ್ನದ ಊಟವಾದ ಕೂಡಲೇ ಕುಡಿಯುವುದನ್ನೂ ಸಂಜೆ ಏಳರದನ್ನೂ ಹಿಡಿಯಿರಿ. ಅವುಗಳ ಜಾಗಕ್ಕೆ ಒಂದು ಲೋಟ ಮಜ್ಜಿಗೆ, ಇಲ್ಲವೇ ಒಂದು ಕಿತ್ತಳೆ. ಊಟದ ಕೊನೆಗೆ ಮಜ್ಜಿಗೆ ಅನ್ನ ಉಣ್ಣುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಹೋಟೆಲ್ ಊಟಕ್ಕೆ ಬಿದ್ದವರು ಕಳೆದುಕೊಂಡದ್ದು ಅದನ್ನೇ.

ಊಟದ ಮೇಲಿನ ಟೀ ಬಿಡಲು ಇನ್ನೊಂದು ಕಾರಣವೂ ಇದೆ. ಟೀಯಲ್ಲಿರುವ ಒಗರು ಅಂಶ ಸೊಪ್ಪು, ಕಾಳುಗಳಲ್ಲಿನ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ಟೀ ಬೇಕೇ ಬೇಕಾದರೆ ಊಟಕ್ಕೂ ಅದಕ್ಕೂ ಒಂದು ಗಂಟೆ ಅಂತರ ಇರಲಿ.

ಕಬ್ಬಿಣದ ಮಾತು ಬಂದಾಗ ರಕ್ತ ಪರೀಕ್ಷೆಯ ಚೀಟಿ ಓದುವ ಒಂದು ಸೂಕ್ಷ್ಮ ಹೇಳಲೇಬೇಕು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ನ ಒಂದು ಪಾಲನ್ನು ಕಟ್ಟಿಹಾಕುತ್ತದೆ. ಆಮ್ಲಜನಕ ಸಾಲದೆ ಮೈ ಹೆಚ್ಚು ಹಿಮೋಗ್ಲೋಬಿನ್ ತಯಾರಿಸುತ್ತದೆ. ಹಾಗಾಗಿ ಸೇದುವವರ ಚೀಟಿಯಲ್ಲಿ ಅಂಕಿ ಇರಬೇಕಾದ್ದಕ್ಕಿಂತ ಮೇಲೆ ಕಾಣುತ್ತದೆ. ದಿನಕ್ಕೆ ಒಂದು ಪ್ಯಾಕ್ ದಾಟಿ ಸೇದುವ ಗಂಡಸಿಗೆ 13.2 ಬಂತೆನ್ನಿ, ಗಂಡಸರ ಗೆರೆ 13, ಪಾಸು ಎಂದು ಚೀಟಿ ಮಡಚುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಇಷ್ಟು ಸೇದುವವರಿಗೆ ಅರ್ಧ ಗ್ರಾಂನಷ್ಟು ಕಳೆದು ನೋಡಿ ಎನ್ನುತ್ತದೆ. ಕಳೆದರೆ 12.7, ಅಂದರೆ ರಕ್ತಹೀನತೆ. ಲ್ಯಾಬಿನವರಿಗೆ ಇದು ಗೊತ್ತಾಗುವುದಿಲ್ಲ, ವೈದ್ಯರಿಗೆ ಎಷ್ಟು ಸೇದುತ್ತೀರಿ ಎಂದು ನೀವೇ ಹೇಳಬೇಕು.

ವಿಟಮಿನ್ ಸಿ: ಎಷ್ಟು ಹೆಚ್ಚು, ಎಲ್ಲಿಂದ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಗೊತ್ತುಪಡಿಸಿದ ಪ್ರಮಾಣ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65. ಹೊಗೆ ಸೇದುವವರಲ್ಲಿ ಈ ವಿಟಮಿನ್ ಬೇಗ ಖರ್ಚಾಗುತ್ತದೆ. ಅವರಿಗೆ ದಿನಕ್ಕೆ ಇನ್ನೂ 35 ಮಿಲಿಗ್ರಾಂ ಬೇಕೆಂದು ಅಮೆರಿಕದ ಪೋಷಣಾ ತಜ್ಞರು 2000ರಲ್ಲೇ ಲೆಕ್ಕ ಹಾಕಿದ್ದಾರೆ. ಎರಡನ್ನೂ ಕೂಡಿಸಿದರೆ ಸೇದುವ ಗಂಡಸಿಗೆ 115ರ ಆಸುಪಾಸು.

ಇದು ಕೇಳಲು ದೊಡ್ಡ ಅಂಕಿ, ತಿನ್ನಲು ಚಿಕ್ಕದು. ನೂರು ಗ್ರಾಂ ಸೀಬೆಹಣ್ಣಿನಲ್ಲೇ 200 ಮಿಲಿಗ್ರಾಂ ದಾಟುತ್ತದೆ. ಅಂದರೆ ಒಂದು ಮಧ್ಯಮ ಗಾತ್ರದ ಹಣ್ಣಿಗೆ ಲೆಕ್ಕ ಮುಗಿಯಿತು. ಬೆಟ್ಟದ ನೆಲ್ಲಿಕಾಯಿ ಅದಕ್ಕಿಂತಲೂ ಮುಂದೆ. ನುಗ್ಗೆಸೊಪ್ಪು, ದೊಣ್ಣೆಮೆಣಸಿನಕಾಯಿ ಹಸಿಯಾಗಿದ್ದಾಗ ನೂರು ಗ್ರಾಂಗೆ ನೂರರ ಮೇಲೆ. ಕಿತ್ತಳೆ ನಲವತ್ತರ ಹತ್ತಿರ. ಒಂದು ನಿಂಬೆಹಣ್ಣಿನ ರಸ ಹತ್ತು ಮಿಲಿಗ್ರಾಂ ಆಸುಪಾಸು ಅಷ್ಟೇ. ನಿಂಬೆ ಶರಬತ್ತು ಕುಡಿದು ಹಣ್ಣು ತಿಂದೆ ಎಂದುಕೊಳ್ಳುವುದು ತಪ್ಪು ಲೆಕ್ಕ, ಅದರಲ್ಲಿ ಸಕ್ಕರೆಯೇ ಹೆಚ್ಚು.

ಹಾಳಾಗುವುದು ಎಲ್ಲಿ? ಬಿಸಿಯಲ್ಲಿ, ನೀರಿನಲ್ಲಿ, ಬಿಸಿಲಿನಲ್ಲಿ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದರೆ ವಿಟಮಿನ್ ಸಿಂಕಿಗೆ ಹೋಗುತ್ತದೆ. ತೊಳೆದು ಆಮೇಲೆ ಹೆಚ್ಚಿ. ಚಿತ್ರಾನ್ನಕ್ಕೆ ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ. ಬಿಸಿಲಲ್ಲಿ ಒಣಗಿಸಿದ ನೆಲ್ಲಿಚೆಟ್ಟು, ನೆಲ್ಲಿಕಾಯಿ ಉಪ್ಪಿನಕಾಯಿಯಲ್ಲಿ ಹಸಿಕಾಯಿಯಷ್ಟು ಉಳಿದಿರುವುದಿಲ್ಲ, ಉಪ್ಪು ಬೇರೆ.

ದಿನವೂ ಮಾಡಿಕೊಳ್ಳಬಹುದಾದದ್ದು ಕೋಸಂಬರಿ. ಕಾಲು ಬಟ್ಟಲು ಹೆಸರುಬೇಳೆ ಒಂದು ಗಂಟೆ ನೆನೆಯಲಿ, ನೀರು ಪೂರ್ತಿ ಬಸಿಯಿರಿ. ಸಣ್ಣಗೆ ಹೆಚ್ಚಿದ ಒಂದು ಸೌತೆಕಾಯಿ, ಅರ್ಧ ದೊಣ್ಣೆಮೆಣಸಿನಕಾಯಿ, ತುರಿದ ಒಂದು ಕ್ಯಾರೆಟ್, ಹಿಡಿ ಕೊತ್ತಂಬರಿ, ಒಂದು ಚಮಚ ಕಾಯಿತುರಿ, ಅರ್ಧ ನಿಂಬೆಹಣ್ಣು. ಉಪ್ಪನ್ನು ತಟ್ಟೆಗೆ ಬಡಿಸುವ ಹೊತ್ತಿಗೆ ಹಾಕಬೇಕು, ಮುಂಚೆ ಹಾಕಿದರೆ ಸೌತೆ ನೀರು ಬಿಟ್ಟು ಎಲ್ಲ ಪಿಚಪಿಚ ಆಗುತ್ತದೆ; ಹಾಗಾದ ಕೋಸಂಬರಿ ಒಮ್ಮೆ ತಿಂದವರು ಎರಡನೇ ದಿನ ಮುಟ್ಟುವುದಿಲ್ಲ.

ಬಹಳ ವರ್ಷ ಸೇದಿದವರಿಗೆ ವಸಡು ಸಡಿಲವಾಗಿ ಹಲ್ಲು ಅಲುಗಾಡುವುದು ಸಾಮಾನ್ಯ. ಅಂಥವರಿಗೆ ಸೀಬೆಬೀಜ, ಹಸಿ ಕ್ಯಾರೆಟ್ ಎರಡೂ ಹಿಂಸೆ. ಮನೆಯವರು ‘ಹಣ್ಣೇ ತಿನ್ನಲ್ಲ’ ಎಂದು ಬೈಯುವ ಮುಂಚೆ ಹಲ್ಲು ನೋಡಬೇಕು. ಪರಂಗಿಹಣ್ಣು ಮೆತ್ತಗಿದೆ, ನೂರು ಗ್ರಾಂಗೆ ನಲವತ್ತು ಮಿಲಿಗ್ರಾಂ ಮೇಲೆಯೇ ಸಿಗುತ್ತದೆ; ಎರಡು ದೊಡ್ಡ ಹೋಳು ತಿಂದರೆ ಸಾಕಷ್ಟಾಯಿತು.

ಒಂದು ಮಾತು ಮಾತ್ರ ನೇರವಾಗಿ: ಸೀಬೆಹಣ್ಣು ತಿಂದರೆ ಸಿಗರೇಟು ಸೇದಬಹುದು ಎಂಬ ರಾಜಿ ಇಲ್ಲಿಲ್ಲ. ಹಣ್ಣು ಕೊರತೆಯನ್ನು ತುಂಬುತ್ತದೆ, ಟಾರನ್ನು ತೊಳೆಯುವುದಿಲ್ಲ.

ಮಾತ್ರೆ ಬೇಡ, ಅದರಲ್ಲೂ ಇದೊಂದು ಬೇಡವೇ ಬೇಡ

‘ಹೇಗೂ ಸೇದುತ್ತೇನೆ, ಒಂದು ಆ್ಯಂಟಿ ಆಕ್ಸಿಡೆಂಟ್ ಮಾತ್ರೆ ನುಂಗಿಬಿಡೋಣ’ ಎಂಬ ಯೋಚನೆ ಓದಿದವರಲ್ಲೇ ಹೆಚ್ಚು. ಪೋಷಣೆಯ ಅರಿವು ಅರ್ಧಕ್ಕೆ ನಿಂತರೆ ಆಗುವ ಅಪಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಫಿನ್‌ಲ್ಯಾಂಡಿನಲ್ಲಿ 29,133 ಗಂಡಸು ಧೂಮಪಾನಿಗಳ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ. 18ರಷ್ಟು ಹೆಚ್ಚಾಯಿತು, ಫಲಿತಾಂಶ 1994ರಲ್ಲಿ ಹೊರಬಂತು. ಅಮೆರಿಕದಲ್ಲಿ 30 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಶೇ. 28 ಏರಿಕೆ ಕಂಡು, 1996ರ ಜನವರಿಯಲ್ಲಿ ಅವಧಿಗೆ 21 ತಿಂಗಳು ಮುಂಚೆಯೇ ನಿಲ್ಲಿಸಿಬಿಟ್ಟರು.

ಮನೆಯಲ್ಲಿರುವ ಮಲ್ಟಿವಿಟಮಿನ್ ಸ್ಟ್ರಿಪ್ ತಿರುಗಿಸಿ ಓದಿ. ಬೀಟಾ ಕ್ಯಾರೋಟಿನ್ ಮಿಲಿಗ್ರಾಂ ಲೆಕ್ಕದಲ್ಲಿದ್ದರೆ ಪಕ್ಕಕ್ಕಿಡಿ, ವೈದ್ಯರನ್ನು ಕೇಳಿ. ವಯಸ್ಸಾದವರಿಗೆ ಕಣ್ಣಿನ ಅಕ್ಷಿಪಟಲಕ್ಕೆಂದು ಬರೆದುಕೊಡುವ ಮಾತ್ರೆಗಳಲ್ಲೂ ಇದು ಇರಬಹುದು. ಬೀಟಾ ಕ್ಯಾರೋಟಿನ್ ಬದಲಿಗೆ ಲ್ಯೂಟಿನ್ ಎಂಬ ಬೇರೆ ಅಂಶ ಇರುವವು ಸಿಗುತ್ತವೆ, ಸೇದುವ, ಹಿಂದೆ ಸೇದಿದ ವಿಷಯವನ್ನು ಕಣ್ಣಿನ ವೈದ್ಯರಿಗೂ ಹೇಳಿ. ಕ್ಯಾರೆಟ್, ಕುಂಬಳ, ಮಾವು, ಪರಂಗಿ ತಿನ್ನಲು ಈ ಹೆದರಿಕೆ ಬೇಡ. ತೊಂದರೆ ಕಂಡದ್ದು ಮಾತ್ರೆಯ ದೊಡ್ಡ ಪ್ರಮಾಣದಲ್ಲಿ.

ಉಪ್ಪು, ರಾಗಿ, ಸೊಂಟ

ಹೊಗೆ ಮೂಗನ್ನೂ ನಾಲಿಗೆಯನ್ನೂ ಮಂಕು ಮಾಡುತ್ತದೆ. ಸೇದುವವರ ಮನೆಯಲ್ಲಿ ಸಾರು ಯಾವಾಗಲೂ ‘ಸಪ್ಪೆ’. ತಟ್ಟೆಯ ಅಂಚಿಗೆ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸಾಲಾಗಿ ಬರುತ್ತವೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಒಂದು ಟೀ ಚಮಚ ಮಾತ್ರ. ರುಚಿ ನೋಡುವ ಮೊದಲೇ ಉಪ್ಪು ಉದುರಿಸಿಕೊಳ್ಳುವ ಕೈಯನ್ನು ತಡೆಯಲು ಸುಲಭದ ದಾರಿ, ಉಪ್ಪಿನ ಡಬ್ಬಿಯನ್ನು ಊಟದ ಜಾಗದಿಂದ ಎತ್ತಿ ಅಡುಗೆಮನೆಯಲ್ಲಿಡುವುದು. ಸಪ್ಪೆ ಎನಿಸಿದರೆ ಹುಣಸೆ, ನಿಂಬೆ, ಕಾಳುಮೆಣಸು, ಇಂಗಿನ ಒಗ್ಗರಣೆ ಹೆಚ್ಚಿಸಿ. ಸಿಗರೇಟು ಬಿಟ್ಟ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ರುಚಿ, ವಾಸನೆ ಮರಳುತ್ತವೆ. ಆಗ ಹಳೇ ಅಳತೆಯ ಉಪ್ಪು ಬಾಯಿಗಿಡಲಾಗುವುದಿಲ್ಲ, ಅಡುಗೆ ಮಾಡುವವರಿಗೆ ಮೊದಲೇ ಹೇಳಿಡಿ.

ಸೇದುವವರ ಮೂಳೆ ಬೇಗ ಸವೆಯುತ್ತದೆ. ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಗುರಿ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 280ರಷ್ಟು, ಒಂದು ದೊಡ್ಡ ಲೋಟ ಹಾಲು ಅಥವಾ ಅಷ್ಟೇ ಮೊಸರಿನಲ್ಲಿ 250 ಹತ್ತಿರ. ಮುದ್ದೆ ಊರಿನವರಿಗೆ ಇದು ಸಲೀಸು. ಅನ್ನದ ಊರಿನವರು ರಾಗಿ ದೋಸೆಯನ್ನಾದರೂ ವಾರಕ್ಕೆ ನಾಲ್ಕು ದಿನ ಮಾಡಿಕೊಳ್ಳಲಿ.

ಸೇದುವವರು ಸಣ್ಣಗಿರುತ್ತಾರೆ ಎಂಬುದು ಅರ್ಧ ನಿಜ. ತೂಕ ಕಡಿಮೆ ಇದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂರುವುದು ಅವರಲ್ಲಿ ಹೆಚ್ಚು. ತಕ್ಕಡಿಯ ಬದಲು ಟೇಪು ಹಿಡಿಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಬಿಡುವ ವಾರ ತಟ್ಟೆಯಲ್ಲಿ ಏನಾಗಬೇಕು

ಮೇಲಿನದನ್ನು ಮೂರು ನಾಲ್ಕು ವಾರ ಮಾಡಿದವರಿಗೆ ಬಿಡುವುದು ಸ್ವಲ್ಪ ಹಗುರ, ಏಕೆಂದರೆ ಹಸಿವು ಯಾವುದು, ಸಿಗರೇಟಿನ ಎಳೆತ ಯಾವುದು ಎಂದು ಆಗ ಬೇರೆಬೇರೆಯಾಗಿ ಗೊತ್ತಾಗುತ್ತದೆ. ಹೊತ್ತಿಗೆ ಉಂಡವನಿಗೆ ಊಟವಾಗಿ ಒಂದು ಗಂಟೆಗೆ ಬರುವುದು ಹಸಿವಲ್ಲ.

ಮೊದಲು ಕಾಫಿ. ಹೊಗೆಯಲ್ಲಿರುವ ರಾಸಾಯನಿಕಗಳು (ನಿಕೋಟಿನ್ ಅಲ್ಲ, ಸುಟ್ಟಾಗ ಹುಟ್ಟುವವು) ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿ, ಕೆಫೀನನ್ನು ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಹೊರಹಾಕುತ್ತಿರುತ್ತವೆ. ಸೇದುವುದು ನಿಂತಿತೆಂದರೆ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ. ಹಳೆಯಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಎರಡರಷ್ಟಾಗುತ್ತದೆ: ಕೈ ನಡುಕ, ಎದೆ ಬಡಿತ, ನಿದ್ದೆಯಿಲ್ಲ. ‘ಸಿಗರೇಟು ಬಿಟ್ಟಿದ್ದಕ್ಕೆ ಹೀಗಾಯಿತು’ ಎಂದು ಮತ್ತೆ ಹಚ್ಚುವವರು ಬಹಳ. ಬಿಡುವ ದಿನದಿಂದಲೇ ಕಾಫಿ, ಟೀ ಅರ್ಧಕ್ಕಿಳಿಸಿ. ಬೈಟು ಕಾಫಿ ಇರುವುದೇ ಇದಕ್ಕೆ.

ನಿಕೋಟಿನ್ ಗಮ್ ಬಳಸುವುದಾದರೆ, ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ, ಉಳಿದವರಿಗೆ 2. ಚ್ಯೂಯಿಂಗ್ ಗಮ್ಮಿನಂತೆ ಜಗಿಯುತ್ತಲೇ ಇರಬಾರದು. ನಾಲ್ಕೈದು ಸಲ ಜಗಿದು, ಖಾರ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಚುರು ಕಮ್ಮಿಯಾದರೆ ಮತ್ತೆ ಜಗಿಯಿರಿ. ಅರ್ಧ ಗಂಟೆಯಲ್ಲಿ ಒಂದು ಮುಗಿಯುತ್ತದೆ. ಬಿಡದೆ ಜಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ; ಅದನ್ನೇ ಜನ ‘ಗ್ಯಾಸ್’ ಎನ್ನುವುದು. ಹದಿನೈದು ನಿಮಿಷ ಮುಂಚಿನಿಂದ ಕಾಫಿ, ಹುಳಿ ಹಣ್ಣಿನ ರಸ, ಸೋಡಾ ಯಾವುದೂ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ, ಗಮ್ ದಂಡ. ಬಸುರಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಹೇಳಲು ನಾಚುವ ಇನ್ನೊಂದು ಸಂಗತಿ: ಮಲಬದ್ಧತೆ. ಬೆಳಿಗ್ಗೆ ಒಂದು ಹಚ್ಚದೆ ‘ಆಗುವುದೇ ಇಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ನಿಕೋಟಿನ್ ಕರುಳನ್ನು ನಿಜವಾಗಿಯೂ ಕದಲಿಸುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಇದು ಕಾಡುತ್ತದೆ. ದಿನಕ್ಕೆ 30 ಗ್ರಾಂ ನಾರು ಬೇಕು. ಒಂದು ಮುದ್ದೆ, 50 ಗ್ರಾಂ ಹೆಸರುಕಾಳಿನ ಉಸಲಿ, ಒಂದು ಸೀಬೆಹಣ್ಣು, ಈ ಮೂರರಲ್ಲೇ 25 ದಾಟುತ್ತದೆ. ಜೊತೆಗೆ ಎದ್ದ ಕೂಡಲೇ ಎರಡು ಲೋಟ ಉಗುರುಬೆಚ್ಚಗಿನ ನೀರು. ನಾರನ್ನು ಒಂದೇ ದಿನಕ್ಕೆ ಏರಿಸಿದರೆ ಹೊಟ್ಟೆಯುಬ್ಬರ. ಬಿಡುವ ಒಂದು ವಾರ ಮುಂಚೆಯೇ ಶುರುಮಾಡಿ.

ಎಳೆತ ಬಂದಾಗ ಅದು ಕೆಲವೇ ನಿಮಿಷ ಇರುತ್ತದೆ. ಕಿಸೆಯಲ್ಲಿ ಸೋಂಪು, ಲವಂಗ, ಏಲಕ್ಕಿ, ಮೂವತ್ತು ಗ್ರಾಂ ಹುರಿಗಡಲೆ ಇಟ್ಟುಕೊಳ್ಳಿ. ಹುರಿಗಡಲೆ ಒಂದೊಂದಾಗಿ ತಿನ್ನಿ, ಕೈಗೂ ಕೆಲಸ ಸಿಗುತ್ತದೆ. ಅಡಿಕೆ, ಪಾನ್ ಮಸಾಲಾ ಬೇಡ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಹಲವರಿಗೆ ರುಚಿಸದು, ಆದರೂ ತಂಬಾಕಿಲ್ಲದ ಅಡಿಕೆಯನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸಿಗರೇಟು ಬಿಟ್ಟು ಗುಟ್ಕಾ ಹಿಡಿದವರ ಸಂಖ್ಯೆ ಕಡಿಮೆಯೇನಿಲ್ಲ.

ಬಾರು, ಪಾರ್ಟಿಯ ಬಗ್ಗೆ ಉದ್ದ ಮಾತು ಬೇಡ: ಮೊದಲ ಒಂದು ತಿಂಗಳು ಹೋಗಬೇಡಿ.

ತೂಕದ ಲೆಕ್ಕ

ಬಿಟ್ಟವರ ತೂಕ ಏರುತ್ತದೆ, ಸುಳ್ಳು ಹೇಳಿ ಉಪಯೋಗವಿಲ್ಲ. ಔಷಧಿಯಿಲ್ಲದೆ ಬಿಟ್ಟವರ ಅಧ್ಯಯನಗಳನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಮೂರು ತಿಂಗಳಿಗೆ ಸರಾಸರಿ 2.9 ಕಿಲೋ, ವರ್ಷಕ್ಕೆ 4.7 ಕಿಲೋ ಏರಿತ್ತು. ಸರಾಸರಿಯ ಹಿಂದೆ ಬೇರೆ ಬೇರೆ ಜನ ಇದ್ದಾರೆ: ಶೇ. 16ರಷ್ಟು ಮಂದಿ ಇಳಿದಿದ್ದರು, ಶೇ. 13ರಷ್ಟು ಮಂದಿ ಹತ್ತು ಕಿಲೋ ಮೀರಿ ಏರಿದ್ದರು. ಕಾರಣವೂ ಗೊತ್ತಿದೆ. ದಿನಕ್ಕೆ 24 ಸಿಗರೇಟು ಸೇದಿದರೆ ಮೈ ಸುಮಾರು 200 ಕ್ಯಾಲೊರಿ ಹೆಚ್ಚು ಸುಡುತ್ತದೆ. ಆ ಬೆಂಕಿ ಆರಿದಾಗಲೇ ಹಸಿವೂ ರುಚಿಯೂ ಒಟ್ಟಿಗೆ ಮರಳುತ್ತವೆ.

ಆ 200ನ್ನು ಎಲ್ಲಿ ಹುಡುಕುವುದು? ಪುಸ್ತಕ ತೆಗೆಯಿರಿ. ಟೀ ಆರರಿಂದ ಮೂರಕ್ಕಿಳಿದು, ಲೋಟಕ್ಕೆ ಒಂದೇ ಚಮಚ ಸಕ್ಕರೆಯಾದರೆ ಹನ್ನೆರಡು ಚಮಚದಲ್ಲಿ ಒಂಬತ್ತು ಉಳಿಯಿತು, 180 ಕ್ಯಾಲೊರಿ. ಅನ್ನ ತಗ್ಗಿಸುವ ಗೋಜಿಗೇ ಹೋಗದೆ ಹತ್ತರಲ್ಲಿ ಒಂಬತ್ತು ಪಾಲು ಮುಗಿಯಿತು. ಊಟವಾದ ಮೇಲೆ ಸಿಗರೇಟಿನ ಹೊತ್ತಿಗೆ ಇಪ್ಪತ್ತು ನಿಮಿಷ ಚುರುಕಾಗಿ ನಡೆದರೆ ಉಳಿದದ್ದೂ ಆಯಿತು. ಮೊದಲ ತಿಂಗಳು ಉಪವಾಸ, ಕಟ್ಟುನಿಟ್ಟಿನ ಡಯಟ್ ಬೇಡ ಎಂಬುದು ನಮ್ಮ ಅಭಿಪ್ರಾಯ. ಹಸಿದ ಹೊಟ್ಟೆಗೆ ಸಿಗರೇಟು ಬಹಳ ಬೇಗ ನೆನಪಾಗುತ್ತದೆ. ಏರಿದ ಎರಡು ಕಿಲೋ ಆಮೇಲೆ ಇಳಿಸಬಹುದು.

ಸೇದದವರಿಗೂ ಎರಡು ಮಾತು

ಸೇದುವುದಿಲ್ಲ ಎಂಬುದೇ ಪಥ್ಯವಲ್ಲ. ಮೇಲಿನ ಮೂರು ಲೆಕ್ಕವನ್ನು ಸೇದದವರೂ ಒಮ್ಮೆ ಹಾಕಿ ನೋಡಲಿ. ಹಣ್ಣಿನ ಸಾಲು ಅಲ್ಲೂ ಖಾಲಿ ಇರಬಹುದು. ಮನೆಯೊಳಗೆ ಇನ್ನೊಬ್ಬರ ಹೊಗೆ ಕುಡಿಯುವ ಹೆಂಡತಿ, ಮಕ್ಕಳಲ್ಲೂ ವಿಟಮಿನ್ ಸಿ ಮಟ್ಟ ಇಳಿಯುತ್ತದೆ, ಹಾಗಾಗಿ ಸೀಬೆಹಣ್ಣು ಸೇದುವವನ ತಟ್ಟೆಗೆ ಮಾತ್ರ ಹೋಗಬಾರದು. ಅವನಿಗೆಂದು ತಂದು ಉಳಿದದ್ದನ್ನು ತಾನು ತಿನ್ನುವ ಪದ್ಧತಿ ಇರುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ವೈದ್ಯರಿಗೆ ಹೇಳಬೇಕಾದದ್ದು

ಕೆಫೀನ್ ಸುಡುವ ಅದೇ ಕಿಣ್ವ ಕೆಲವು ಔಷಧಿಗಳನ್ನೂ ಸುಡುತ್ತದೆ. ಉಬ್ಬಸಕ್ಕೆ ಥಿಯೋಫಿಲಿನ್ ಇರುವ ಮಾತ್ರೆ, ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಟ್ಟರೆ ಅದೇ ಮಾತ್ರೆ ಹೆಚ್ಚಾಗಿ ವಾಂತಿ, ಎದೆಬಡಿತ, ವಿಪರೀತ ಮಂಪರು ಬರಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಸಕ್ಕರೆ ದಿಢೀರ್ ಇಳಿಯಬಹುದು, ಮೊದಲ ಎರಡು ವಾರ ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕು. ಇವರೆಲ್ಲ ಬಿಡುವ ದಿನವನ್ನು ವೈದ್ಯರಿಗೆ ಮುಂಚೆಯೇ ತಿಳಿಸಲಿ. ಮಾತ್ರೆಯನ್ನು ತಾವೇ ಕಡಿಮೆ ಮಾಡಿಕೊಳ್ಳುವುದು ಬೇಡ. ಬಿಡಲು ಸಹಾಯ ಬೇಕಾದವರಿಗೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356 ಉಚಿತ. ದಕ್ಷಿಣದ ಕರೆಗಳನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು.

ಬಿಟ್ಟ ಮೇಲೆ ತೂಕ ಏರುವುದು ಸಾಮಾನ್ಯ, ಕಾರಣವಿಲ್ಲದೆ ಇಳಿಯುವುದು ಅಲ್ಲ. ಸರಿಯಾಗಿ ಉಣ್ಣುತ್ತಿದ್ದರೂ, ಪ್ರಯತ್ನಪಡದೆಯೂ ತೂಕ ಇಳಿಯುತ್ತಿದ್ದರೆ, ಎರಡು ವಾರ ಮೀರಿದ ಕೆಮ್ಮಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಅಥವಾ ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಕೋಸಂಬರಿ, ಅಂಬಲಿಯ ವಿಚಾರ ಬದಿಗಿಟ್ಟು ಮರುದಿನವೇ ಕಫ ಪರೀಕ್ಷೆಗೋ ಬಾಯಿ ಪರೀಕ್ಷೆಗೋ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಫ ಪರೀಕ್ಷೆಗೆ ಅಲ್ಲಿ ದುಡ್ಡಿಲ್ಲ.